ಶ್ವಾಸನಾಳದ ಎಡದಂಡೆ

ವಾಕಡದ ನಮ್ಮ ಮನೆಯ ಊಟದ ಟೇಬಲ್ ಮೇಲೆ ಗದಗಿನ ಕಾಕಾ ತಮ್ಮ ಸಿ.ಟಿ. ಸ್ಕ್ಯಾನ್ ಲಕೋಟೆ ಇಟ್ಟು, "ನೀ ಕಂಪ್ಯೂಟರದಾಗ ಇಂಥವ ಚಿತ್ರಾ ನೋಡ್ತೀಯಲ್ಲ, ಓದಿ ಹೇಳವ್ವಾ" ಅಂದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ಅವರಿಗೆ ಆಗಲೇ ಗೊತ್ತಿತ್ತು. ಕೆಳಗಿನ ಒಂದು ಸಾಲು ಮಾತ್ರ ತಿಳಿದಿರಲಿಲ್ಲ: '4ಆರ್ ಠಾಣೆಯಲ್ಲಿ 13 ಮಿ.ಮೀ. ದುಗ್ಧಗ್ರಂಥಿ.'

ನಾನು ಡಾಕ್ಟರ್ ಅಲ್ಲ. ಎಂಟೆಕ್ ಮುಗಿಸಿ ಹಿಂಜವಡಿಯಲ್ಲಿ, ಎದೆಯ ಸ್ಕ್ಯಾನ್‌ಗಳಲ್ಲಿ ದುಗ್ಧಗ್ರಂಥಿ, ಅಂದರೆ ಲಿಂಫ್ ನೋಡ್‌ಗಳನ್ನು ಹುಡುಕಿ ಗುರುತು ಹಾಕುವ ಪ್ರೋಗ್ರಾಂ ಬರೆಯುವವಳು. ಆದರೆ '4ಆರ್' ಅನ್ನುವ ಪುಟ್ಟ ಗುರುತಿನ ಹಿಂದಿನ ಚರಿತ್ರೆ ಗೊತ್ತಿತ್ತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಶ್ವಾಸಕೋಶದ ಕ್ಯಾನ್ಸರ್ ಹೊರಟರೆ ಸಾಮಾನ್ಯವಾಗಿ ದುಗ್ಧರಸದ ದಾರಿ ಹಿಡಿಯುತ್ತದೆ. ಗಡ್ಡೆಯ ಬದಿಯ ಶ್ವಾಸಕೋಶದೊಳಗೆ ಅಥವಾ ಅದರ ಬುಡದಲ್ಲೇ ನಿಂತಿದ್ದರೆ ಎನ್1. ಅದೇ ಬದಿಯಲ್ಲಿ ಎದೆಯ ನಡುಭಾಗಕ್ಕೆ ಬಂದಿದ್ದರೆ ಎನ್2. ಎದುರು ಬದಿಗೆ ದಾಟಿದ್ದರೆ ಎನ್3. ಆಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಬಾಗಿಲು ಮುಚ್ಚಿತು ಎಂದೇ ಅರ್ಥ. ಅಂದರೆ ಗ್ರಂಥಿ ಯಾವ ಊರಿನದು ಎಂಬುದೇ ಮುಖ್ಯ.

ಈ ಊರುಗಳಿಗೆ ಮೊದಲು ನಕ್ಷೆ ಬರೆದವರು ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಶಸ್ತ್ರವೈದ್ಯ ತ್ಸುಗುವೊ ನರುಕೆ. 1967ರಲ್ಲಿ ಜಪಾನಿಯಲ್ಲಿ ಮಂಡಿಸಿದರು, 1978ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. (ನಮ್ಮ ಬೆಳಗಾವಿ ಗಡಿಯ ಮಹಾಜನ ವರದಿ ಬಂದದ್ದೂ 1967ರಲ್ಲೇ. ಪುಣೆಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!) ಅಮೆರಿಕದವರು 1983ರಲ್ಲಿ ತಮ್ಮದೇ ನಕ್ಷೆ ಮಾಡಿಕೊಂಡರು, 1997ರಲ್ಲಿ ಕ್ಲಿಫ್ಟನ್ ಮೌಂಟನ್ ಮತ್ತು ಕ್ಯಾರೊಲಿನ್ ಡ್ರೆಸ್ಲರ್ ಅದನ್ನು ತಿದ್ದಿ ಹೊಸದು ಕೊಟ್ಟರು. ಜಪಾನ್ ಮಾತ್ರ ನರುಕೆಯವರದನ್ನು ಬಿಡಲಿಲ್ಲ.

ಗಡಿತಂಟೆ ಶುರುವಾದದ್ದು ಇಲ್ಲಿ. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದ ಕೆಳಗಿನ ಕೆಲವು ಗ್ರಂಥಿಗಳು ಅಮೆರಿಕದ ನಕ್ಷೆಯಲ್ಲಿ 7ನೇ ಠಾಣೆಗೆ ಸೇರಿದ್ದವು, ಎಂದರೆ ಎನ್2. ಅವೇ ಗ್ರಂಥಿಗಳು ಜಪಾನಿನ ನಕ್ಷೆಯಲ್ಲಿ 10ನೇ ಠಾಣೆ, ಎನ್1. ಅದೇ ರೋಗಿ, ಅದೇ ಗಂಟು. ಟೋಕಿಯೊದಲ್ಲಿ ಎರಡನೇ ಹಂತ, ಹ್ಯೂಸ್ಟನ್‌ನಲ್ಲಿ ಮೂರನೇ ಹಂತ. ಎರಡು ದೇಶಗಳ ಚಿಕಿತ್ಸೆಯ ಫಲಿತಾಂಶಗಳನ್ನು ಹೋಲಿಸುವುದಾದರೂ ಹೇಗೆ? ಕೊನೆಗೆ ಅಂತರರಾಷ್ಟ್ರೀಯ ಶ್ವಾಸಕೋಶ ಕ್ಯಾನ್ಸರ್ ಅಧ್ಯಯನ ಸಂಘವು ಹಲವು ದೇಶಗಳ ಒಂದು ಲಕ್ಷ ರೋಗಿಗಳ ದಾಖಲೆ ಕಲೆಹಾಕಲು ಹೊರಟಾಗ ಈ ಜಗಳ ಬಗೆಹರಿಸದೆ ವಿಧಿ ಇರಲಿಲ್ಲ. 2009ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯೆ ವ್ಯಾಲೆರಿ ರಶ್ ಮತ್ತು ಸಂಗಡಿಗರು ಎಲ್ಲರೂ ಒಪ್ಪುವ ನಕ್ಷೆ ಪ್ರಕಟಿಸಿದರು. ಡ್ರೆಸ್ಲರ್ ಕೂಡ ಶಸ್ತ್ರವೈದ್ಯೆಯೇ. ಮಹಿಳಾ ವೇದಿಕೆಯ ಸಂಚಿಕೆಯಲ್ಲಿ ಇದನ್ನು ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಆ ನಕ್ಷೆಯ ಒಂದು ತಿದ್ದುಪಡಿ ನನಗೆ ಚೆನ್ನಾಗಿ ನೆನಪಿದೆ. ಅಮೆರಿಕದ ನಕ್ಷೆಯಲ್ಲಿ ಬಲ-ಎಡಗಳ ಗಡಿ ಶ್ವಾಸನಾಳದ ನಟ್ಟನಡುವೆ ಇತ್ತು. ಆದರೆ ಎದೆಯ ಮೇಲ್ಭಾಗದ ದುಗ್ಧರಸ ಬಹುಪಾಲು ಬಲಕ್ಕೇ ಹರಿಯುತ್ತದೆ. ಹಾಗಾಗಿ ಗಡಿಯನ್ನು ಶ್ವಾಸನಾಳದ ಎಡದಂಡೆಗೆ ಸರಿಸಿದರು. ನಾಳದ ಮುಂದಿರುವ ಗ್ರಂಥಿಗಳು, ನಡುಗೆರೆಯ ಎಡಕ್ಕಿದ್ದರೂ, ಈಗ ಬಲದವು: 4ಆರ್.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಬರೆದ ಕೋಡ್‌ನಲ್ಲಿ ಗೆರೆ ಇನ್ನೂ ನಡುವೆಯೇ ಇತ್ತು. ಹಳೆಯ ಪುಸ್ತಕವೊಂದರ ಚಿತ್ರ ನೋಡಿ ಬರೆದಿದ್ದೆ. ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ರೇಡಿಯಾಲಜಿಸ್ಟ್ ಒಬ್ಬರು ಸ್ಕ್ರೀನ್ ಮೇಲೆ ಬೆರಳಿಟ್ಟು, "ಈ ಗಡಿ ಯಾವ ಕಾಲದ್ದು?" ಎಂದು ಕೇಳಿದ ಮೇಲೆ ತಿದ್ದಿದೆ. ಆಗ ಅದು ನನಗೆ ಕೋಡ್‌ನ ಒಂದು ಸಾಲು, ಅಷ್ಟೆ.

ಕಾಕಾ ಅವರ ಸಿ.ಡಿ. ಹಾಕಿ ನೋಡಿದೆ. ಗಂಟು ಶ್ವಾಸನಾಳದ ಮುಂದೆ, ನಡುಗೆರೆಯಿಂದ ಸ್ವಲ್ಪ ಎಡಕ್ಕೆ. ನನ್ನ ಹಳೆಯ ಪ್ರೋಗ್ರಾಂ ಇದನ್ನು 4ಎಲ್ ಅನ್ನುತ್ತಿತ್ತು. ಗಡ್ಡೆ ಬಲದಲ್ಲಿ, ಗ್ರಂಥಿ ಎಡದಲ್ಲಿ: ಎನ್3.

ಗಾತ್ರವೊಂದೇ ಸಾಕ್ಷಿಯಲ್ಲ ಎಂದು ಅವರಿಗೆ ಹೇಳಿದೆ. ಅಡ್ಡಳತೆ 10 ಮಿ.ಮೀ. ದಾಟಿದರೆ ಅನುಮಾನ ಎಂಬುದು ಸಿ.ಟಿ.ಯ ರೂಢಿಯ ಲೆಕ್ಕ. ನಮ್ಮ ದೇಶದಲ್ಲಿ ಹಳೆಯ ಕ್ಷಯದಿಂದಲೂ ಗ್ರಂಥಿ ಊದಿಕೊಂಡಿರುತ್ತದೆ. ಇನ್ನೊಂದು ಕಡೆ, ಕ್ಯಾನ್ಸರ್ ತಲುಪಿದ ಪ್ರಕರಣಗಳಲ್ಲಿ ಸಿ.ಟಿ. ಹಿಡಿಯುವುದು ಹೆಚ್ಚುಕಡಿಮೆ ಅರ್ಧದಷ್ಟನ್ನೇ. ಆದ್ದರಿಂದ ಬಾಯಿಂದ ನಳಿಕೆ ಇಳಿಸಿ, ಅಲ್ಟ್ರಾಸೌಂಡ್ ನೋಡುತ್ತ ಸೂಜಿಯಿಂದ ಜೀವಕೋಶ ತೆಗೆಯುತ್ತಾರೆ. ಕ್ಷಯವೇ ಆಗಿರಲಿ ಎಂದು ಕಾಕು ಹರಕೆ ಹೊತ್ತರು. ಕ್ಷಯ ಬರಲೆಂದು ಹರಕೆ ಹೊತ್ತವರನ್ನು ನಾನು ಕಂಡದ್ದು ಅದೇ ಮೊದಲು.

ಕ್ಯಾನ್ಸರ್ ಕಣಗಳೇ ಸಿಕ್ಕವು. ಎನ್2. ಮೊದಲು ಕಿಮೋ, ಆಮೇಲೆ ಶಸ್ತ್ರಚಿಕಿತ್ಸೆ ಎಂದು ವೈದ್ಯರ ತಂಡ ತೀರ್ಮಾನಿಸಿತು. ಹಾಗೆಯೇ ನಡೆಯಿತು.

2025ರ ಜನವರಿಯಿಂದ ಎನ್2 ಕೂಡ ಎರಡಾಗಿದೆ: ಒಂದೇ ಠಾಣೆ ಮುಟ್ಟಿದ್ದರೆ ಎ, ಹೆಚ್ಚಾಗಿದ್ದರೆ ಬಿ. ನಮ್ಮ ಪ್ರೋಗ್ರಾಂ ಮತ್ತೆ ತಿದ್ದುತ್ತಿದ್ದೇವೆ. ಕಾಕಾ ಈಗ ಗದಗಿನಲ್ಲಿದ್ದಾರೆ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾರೆ. ಫೋನ್ ಮಾಡಿದಾಗೆಲ್ಲ ಕೇಳುವುದು ಒಂದೇ: "ಏನವ್ವಾ, ಗಡಿ ಮತ್ತ ಸರಿಸಿದ್ರೇನು?"