ನಕಾಶೆಯನ್ನು ವೆಕ್ಟರ್‌ಗೆ ಬದಲಿಸಿದರೆ ಹೊಲದ ಗಡಿ ನಿಖರವಾಗುತ್ತದೆಯೇ?

ರಾಣೆಬೆನ್ನೂರು ತಾಲ್ಲೂಕಿನ ಐರಣಿ ತುಂಗಭದ್ರೆಯ ದಂಡೆಯ ಊರು. ಇಲ್ಲಿನ ರೈತರೊಬ್ಬರ ಮೊಬೈಲ್‌ನಲ್ಲಿ ಎರಡು ನಕಾಶೆಗಳಿವೆ ಎಂದುಕೊಳ್ಳೋಣ. ಒಂದು, ಹಳೆಯ ಗ್ರಾಮ ನಕಾಶೆಯನ್ನು ಸ್ಕ್ಯಾನ್ ಮಾಡಿದ ಜೆಪಿಜಿ ಚಿತ್ರ, ಹಿಗ್ಗಿಸಿದಷ್ಟೂ ಮಸುಕು. ಇನ್ನೊಂದು, ಆ್ಯಪ್‌ನಲ್ಲಿ ಕಾಣುವ ಸರ್ವೆ ನಂಬರಿನ ಗಡಿ. ಎಷ್ಟು ಹಿಗ್ಗಿಸಿದರೂ ಗೆರೆ ಚೂಪು. ‘ಗೆರೆ ಇಷ್ಟು ಸ್ಪಷ್ಟವಾಗಿದೆ, ಬದು ಇಲ್ಲೇ ಇರಬೇಕು’ ಎನಿಸುವುದು ಸಹಜ. ಇದು ನಿಜವೇ?

ಚಿಕ್ಕ ಉತ್ತರ: ಅಲ್ಲ. ಗೆರೆ ಸ್ಪಷ್ಟವಾದ ಮಾತ್ರಕ್ಕೆ ಅಳತೆ ನಿಖರವಾಗುವುದಿಲ್ಲ.

ರಾಸ್ಟರ್ ಮತ್ತು ವೆಕ್ಟರ್: ವ್ಯತ್ಯಾಸವೇನು?

ರಾಸ್ಟರ್ ಚಿತ್ರವೆಂದರೆ ಬಣ್ಣದ ಚುಕ್ಕಿಗಳ ಸಾಲು, ರಂಗೋಲಿ ಪುಡಿಯ ಕಾಳುಗಳಂತೆ. ಜೆಪಿಜಿ, ಪಿಎನ್‌ಜಿ ಈ ಬಗೆಯವು. ವೆಕ್ಟರ್ ಕಡತದಲ್ಲಿ ಚುಕ್ಕಿಗಳಿಲ್ಲ; ‘ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ’ ಎಂಬ ಲೆಕ್ಕವಿರುತ್ತದೆ. ಹಿಗ್ಗಿಸಿದಾಗಲೆಲ್ಲ ಕಂಪ್ಯೂಟರ್ ಗೆರೆಯನ್ನು ಹೊಸದಾಗಿ ಎಳೆಯುತ್ತದೆ. ಎಸ್‌ವಿಜಿ, ಡಿಎಕ್ಸ್‌ಎಫ್ ಈ ಬಗೆಯವು. ಪಿಡಿಎಫ್‌ನಲ್ಲಿ ಎರಡೂ ಇರಬಹುದು.

ಬದಲಿಸುವುದು ಹೇಗೆ?

ವೆಕ್ಟರ್‌ನಿಂದ ರಾಸ್ಟರ್‌ಗೆ ಬದಲಿಸುವುದು ಸುಲಭ. ಎಷ್ಟು ಚುಕ್ಕಿ ಬೇಕೆಂದು ಹೇಳಿದರೆ ಸಾಕು. ತಿರುಗಿಸಿ ತರುವುದೇ ಕಷ್ಟ. ಕಡತದ ಹೆಸರಿನ ಕೊನೆಯಲ್ಲಿ ‘ಜೆಪಿಜಿ’ ಅಳಿಸಿ ‘ಎಸ್‌ವಿಜಿ’ ಎಂದು ಬರೆದರೆ ಏನೂ ಬದಲಾಗದು. ಇಂಕ್‌ಸ್ಕೇಪ್‌ನಂಥ ತಂತ್ರಾಂಶಗಳು ಚುಕ್ಕಿಗಳ ಅಂಚನ್ನು ಹುಡುಕಿ ಗೆರೆ ಎಳೆಯುತ್ತವೆ. ಕಾಗದದ ಮಡಿಕೆ, ಶಾಯಿಯ ಕಲೆಗಳೂ ಅವಕ್ಕೆ ಗೆರೆಗಳೇ. ಮಸುಕಾದ ಕನ್ನಡ ಅಕ್ಷರದಲ್ಲಿ ‘ಷ’ದ ಒಳಗಿನ ಗೆರೆ ಅಳಿದು ‘ಪ’ ಆಗಬಹುದು. ಹಾಗಾಗಿ ನಕಾಶೆಯ ಕೆಲಸದಲ್ಲಿ ಸ್ಕ್ಯಾನ್ ಪ್ರತಿಯನ್ನು ಭೂಮಿಯ ಅಕ್ಷಾಂಶ, ರೇಖಾಂಶಕ್ಕೆ ಹೊಂದಿಸಿ, ಗಡಿಗಳ ಮೇಲೆ ಗೆರೆ ಎಳೆದು, ಮನುಷ್ಯರು ಪರಿಶೀಲಿಸಬೇಕಾಗುತ್ತದೆ.

ತಪ್ಪು ಎಲ್ಲಿ ಉಳಿಯುತ್ತದೆ?

ಲೆಕ್ಕ ಹಾಕಿ ನೋಡೋಣ. ಗ್ರಾಮ ನಕಾಶೆಗಳಲ್ಲಿ ಬಳಕೆಯಲ್ಲಿರುವ ಒಂದು ಪ್ರಮಾಣ 1:7920, ಅಂದರೆ ಮೈಲಿಗೆ 8 ಇಂಚು. ಇಲ್ಲಿ ಕಾಗದದ 1 ಮಿಲಿಮೀಟರ್ ನೆಲದ ಮೇಲೆ ಸುಮಾರು 7.9 ಮೀಟರ್. ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಇದ್ದರೆ, ಆ ಗೆರೆಯೇ ಹೊಲದಲ್ಲಿ ಸುಮಾರು 4 ಮೀಟರ್ ಜಾಗ ನುಂಗುತ್ತದೆ! ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಒಂದೊಂದು ಚುಕ್ಕಿ ಸುಮಾರು 67 ಸೆಂಟಿಮೀಟರ್. ಕಾಗದ ಕುಗ್ಗಿದ್ದರೆ, ಹಿಗ್ಗಿದ್ದರೆ ಅದೂ ಸೇರುತ್ತದೆ. ಮೊಬೈಲ್‌ನ ಜಿಪಿಎಸ್ ಕೂಡ ಕೆಲವು ಮೀಟರ್ ಆಚೀಚೆ ತೋರಿಸಬಹುದು.

ವೆಕ್ಟರ್ ಕಡತ ಈ ತಪ್ಪುಗಳನ್ನು ಅಳಿಸುವುದಿಲ್ಲ, ಚೂಪಾದ ಗೆರೆಯ ಹಿಂದೆ ಮರೆಮಾಡುತ್ತದೆ. ಮಸುಕಾದ ಚಿತ್ರವಾದರೂ ‘ನನ್ನನ್ನು ಪೂರ್ತಿ ನಂಬಬೇಡಿ’ ಎನ್ನುತ್ತದೆ.

ಹಾಗಾದರೆ ಏನು ಮಾಡಬೇಕು?

ದಿಶಾಂಕ್‌ನಂಥ ಆ್ಯಪ್ ನಿಂತ ಜಾಗ ಯಾವ ಸರ್ವೆ ನಂಬರಿನದು ಎಂದು ತಿಳಿಯಲು ಬಹಳ ಉಪಯುಕ್ತ. ಆದರೆ ಅದನ್ನು ನೋಡಿ ಬದು ಒಡೆಯುವುದಾಗಲಿ, ಬೇಲಿ ಸರಿಸುವುದಾಗಲಿ ಸಲ್ಲದು. ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಭೂಮಾಪಕರು ಮೂಲ ಸರ್ವೆ ದಾಖಲೆಯ ಅಳತೆಗಳನ್ನು ಹಿಡಿದು ಸ್ಥಳದಲ್ಲೇ ಅಳೆದು ಗಡಿ ಗುರುತಿಸುತ್ತಾರೆ. ವೆಕ್ಟರ್‌ಗೆ ಬದಲಿಸಿದ ನಂತರವೂ ಮೂಲ ಸ್ಕ್ಯಾನ್ ಪ್ರತಿಯನ್ನು ಅಳಿಸಬೇಡಿ. ಗೆರೆ ಎಲ್ಲಿ ತಪ್ಪಿತೆಂದು ನೋಡಲು ಅದೇ ಬೇಕು.

ಒಟ್ಟಿನಲ್ಲಿ, ಕಡತದ ನಮೂನೆ ಬದಲಿಸಿದರೆ ಗೆರೆಯ ಅಂದ ಹೆಚ್ಚುತ್ತದೆ, ಮಾಹಿತಿ ಹೆಚ್ಚುವುದಿಲ್ಲ. ಹೊಲದ ಗಡಿ ನಿರ್ಧಾರವಾಗುವುದು ಹೊಲದಲ್ಲೇ, ಪರದೆಯ ಮೇಲಲ್ಲ.