ಹೆಸರಿನಲ್ಲೇ ಕೆನರಾ ಇರುವ ಮೀನು

ಮನೆಯಲ್ಲಿ ಅಕ್ವೇರಿಯಂ ಇಟ್ಟವರಿಗೆ ಏಂಜಲ್, ಆಸ್ಕರ್ ಗೊತ್ತು. ಇವು ಸಿಕ್ಲಿಡ್ ಎಂಬ ಕುಟುಂಬದ ಮೀನುಗಳು, ಮೂಲ ದಕ್ಷಿಣ ಅಮೆರಿಕ. ನಮ್ಮ ಕೆರೆಯ ಜಿಲೇಬಿ ಮೀನೂ ಇದೇ ಕುಟುಂಬದ್ದು. ಅದು ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ಹಾಗಾದರೆ ನಮ್ಮ ದೇಶದ್ದೇ ಆದ ಸಿಕ್ಲಿಡ್ ಇಲ್ಲವೇ? ಇವೆ, ಮೂರೇ ಮೂರು. ಮೂರೂ ನಮ್ಮ ಕರಾವಳಿ ಕಡೆ ಇವೆ.

ಮೊದಲನೆಯದಕ್ಕೆ ಹೆಸರಿಟ್ಟವನು ಬರ್ಲಿನ್‌ನ ವೈದ್ಯ ಬ್ಲಾಖ್, 1790ರಲ್ಲಿ. ಅವನು ಭಾರತ ನೋಡಿದವನಲ್ಲ. ಹಡಗಿನಲ್ಲಿ ಬಂದ ಸತ್ತ ಮೀನು ನೋಡಿ, ಅದನ್ನು ಸಮುದ್ರದ ಚಿಟ್ಟೆಮೀನುಗಳ ಗುಂಪಿಗೆ ಸೇರಿಸಿ, ಸೂರತ್ ಊರಿನ ಹೆಸರು ಕೊಟ್ಟ: ಸುರಾಟೆನ್ಸಿಸ್. ಕೇರಳದವರ ಕರಿಮೀನ್ ಇದೇ. 1795ರಲ್ಲಿ ಅವನೇ ಇನ್ನೊಂದು ಚಿಕ್ಕ ಮೀನಿಗೆ ಮ್ಯಾಕ್ಯುಲೇಟಸ್, ಅಂದರೆ ಮಚ್ಚೆಯುಳ್ಳದ್ದು ಎಂದ. ಅಂಗಡಿಯವರು ಇದನ್ನು ಆರೆಂಜ್ ಕ್ರೊಮೈಡ್ ಅನ್ನುತ್ತಾರೆ.

1830ರಲ್ಲಿ ಫ್ರಾನ್ಸಿನ ಕುವಿಯೆ ಎಟ್ರೊಪ್ಲಸ್ ಎಂಬ ಹೊಸ ಗುಂಪು ಮಾಡಿದ. ಹೊಟ್ಟೆಯ ಕೆಳಗೆ ಆಯುಧ ಇರುವುದು ಎಂದು ಅರ್ಥ. ಬಾಲಕ್ಕಿಂತ ಮುಂಚೆ ಕೆಳಗಡೆ ಇರುವ ಈಜುರೆಕ್ಕೆಯ ಮುಳ್ಳು ಎಣಿಸಿ ನೋಡಿ. ಜಿಲೇಬಿಗೆ ಸಾಮಾನ್ಯವಾಗಿ ಮೂರು. ಇವಕ್ಕೆ ಹನ್ನೆರಡು, ಇಲ್ಲವೇ ಇನ್ನೂ ಹೆಚ್ಚು. ಕೈಗೆ ಚುಚ್ಚಿಸಿಕೊಂಡವರು ಎಣಿಸಬೇಕಾಗಿಲ್ಲ.

ಮೂರನೆಯದು ಸಿಗಲು 1877 ಆಗಬೇಕಾಯಿತು. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಆಗ ಭಾರತದ ಮೀನುಗಳ ದೊಡ್ಡ ಪುಸ್ತಕ ಬರೆಯುತ್ತಿದ್ದ. ಸೌತ್ ಕೆನರಾದ ಈ ಮೀನಿಗೆ ಕೆನರೆನ್ಸಿಸ್ ಎಂದು ಹೆಸರಿಟ್ಟ. ಸೌತ್ ಕೆನರಾ ಹೋಗಿ ದಕ್ಷಿಣ ಕನ್ನಡ ಆಯಿತು, 1997ರಲ್ಲಿ ಉಡುಪಿ ಬೇರೆಯಾಯಿತು. ಮೀನಿನ ಹೆಸರು ಮಾತ್ರ ಹಾಗೇ ಉಳಿದಿದೆ.

ಗುರುತು ಹಿಡಿಯುವುದು ಹೇಗೆ? ಆರೆಂಜ್ ಕ್ರೊಮೈಡ್ ಸುಲಭ. ಹಳದಿ ಮೈ, ಪಕ್ಕೆಯ ನಡುವೆ ಕಪ್ಪು ಮಚ್ಚೆ, ಬೆಳೆದರೂ ಅಂಗೈಗಿಂತ ಚಿಕ್ಕದು. ಕಷ್ಟ ಇರುವುದು ಉಳಿದೆರಡರಲ್ಲಿ. ಎರಡಕ್ಕೂ ಮೇಲಿಂದ ಕೆಳಗೆ ಕಪ್ಪು ಪಟ್ಟೆ, ಎರಡಕ್ಕೂ ಮುತ್ತಿನಂಥ ಚುಕ್ಕೆ. ಕರಿಮೀನ್ ಹಸಿರು ಮಿಶ್ರಿತ, ತಟ್ಟೆಯಷ್ಟು ಅಗಲ ಬೆಳೆಯುತ್ತದೆ. ಕೆನರಾ ಮೀನು 11-12 ಸೆಂಟಿಮೀಟರಿಗೆ ನಿಲ್ಲುತ್ತದೆ. ಹಾಗಾಗಿ ಬೆಳೆದ ಕೆನರಾ ಮೀನನ್ನೂ ಕರಿಮೀನಿನ ಮರಿ ಅಂದುಕೊಳ್ಳುವುದು ಸುಲಭ. ಬಣ್ಣ ಒಂದನ್ನೇ ನಂಬಬೇಡಿ. ಹೆದರಿದಾಗ, ಮರಿ ಕಾಯುವಾಗ ಸಿಕ್ಲಿಡ್‌ಗಳ ಬಣ್ಣ ಬದಲಾಗುತ್ತದೆ. ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿ. ಅಳಿವೆಯ ಚಪ್ಪೆ ಉಪ್ಪುನೀರಿನದಾದರೆ ಕರಿಮೀನ್ ಇರಬೇಕು. ಕೆನರಾದ್ದು ಹೊಳೆಯ ಸಿಹಿನೀರಿನದು.

ಕರಿಮೀನ್ 2010ರಲ್ಲಿ ಕೇರಳದ ರಾಜ್ಯ ಮೀನಾಯಿತು, ಅಲ್ಲಿ ಸಾಕಣೆಯೂ ಇದೆ. ಕೆನರಾ ಮೀನು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಕರಿಮೀನಿನ ಮರಿ ಎಂದು ಬುಟ್ಟಿಗೆ ಬಿದ್ದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಕ್ವೇರಿಯಂ ಸೇರಿದರೂ ಅಷ್ಟೇ. ಕ್ರೊಮೈಡ್ ಎಂದರೆ ನೀರಿಗೆ ಉಪ್ಪು ಹಾಕಿ ಎಂಬುದು ಹಳೆಯ ಸಲಹೆ. ಈ ಹೊಳೆಮೀನಿಗೆ ಉಪ್ಪು ಬೇಡ.