ಮನೆಯ ಗೋಡೆಗೆ ಅರಬಿ ಅಕ್ಷರಕಲೆ: ಕೊಳ್ಳುವ ಮುನ್ನ ಓದಿಸಿ ನೋಡಿ

ಅರಬಿಯಲ್ಲಿ ‘ರಹೀಮ್’ ಎಂದರೆ ಕರುಣಾಮಯಿ. ‘ರಜೀಮ್’ ಎಂದರೆ ಶಾಪಗ್ರಸ್ತ. ಅದು ಸೈತಾನನಿಗೆ ಸಲ್ಲುವ ವಿಶೇಷಣ. ಬರಹದಲ್ಲಿ ಈ ಎರಡು ಪದಗಳ ನಡುವೆ ಇರುವ ಅಂತರ ಒಂದೇ ಒಂದು ಚುಕ್ಕೆ. ‘ಹಾ’ ಅಕ್ಷರಕ್ಕೆ ಚುಕ್ಕೆಯಿಲ್ಲ. ಅದೇ ಆಕೃತಿಗೆ ಕೆಳಗೊಂದು ಚುಕ್ಕೆ ಸೇರಿದರೆ ‘ಜೀಮ್’ ಆಗುತ್ತದೆ. ಪಕ್ಕದ ‘ಯಾ’ ಅಕ್ಷರಕ್ಕೆ ಅಡಿಯಲ್ಲಿ ಎರಡು ಚುಕ್ಕೆಗಳಿರುವುದರಿಂದ ಅವುಗಳಲ್ಲೊಂದು ತುಸು ಬಲಕ್ಕೆ ಸರಿದರೂ ಸಾಕು, ದೇವನಾಮದ ಅರ್ಥವೇ ಬುಡಮೇಲಾಗುತ್ತದೆ. ತಗಡಿನಲ್ಲಿಯೋ ಒತ್ತುಹಲಗೆಯಲ್ಲಿಯೋ ಯಂತ್ರದಿಂದ ಕತ್ತರಿಸಿ ಮಾರುವ ಗೋಡೆ ಫಲಕಗಳಲ್ಲಿ ಚುಕ್ಕೆಗಳೇ ಮೊದಲು ಕೈಕೊಡುವ ಭಾಗ. ಅವು ಅಕ್ಷರಕ್ಕೆ ಅಂಟಿಕೊಳ್ಳದೆ ಬಿಡಿಯಾಗಿ ನಿಲ್ಲಬೇಕಾದವು. ಬಿಡಿ ತುಣುಕನ್ನು ಹಿಡಿದು ನಿಲ್ಲಿಸುವುದು ಕಷ್ಟವೆಂದು ಕೆಲವು ತಯಾರಕರು ಅವನ್ನು ಕೈಬಿಡುತ್ತಾರೆ. ಕೆಲವರು ಸಮೀಪದ ಗೆರೆಗೆ ಬೆಸೆಯುತ್ತಾರೆ.

ಹೊಸ ಮನೆಯ ಒಕ್ಕಲು, ಮದುವೆ, ಹಜ್ ಯಾತ್ರೆಯಿಂದ ಮರಳಿದವರ ಭೇಟಿ, ಇಂತಹ ಸಂದರ್ಭಗಳಲ್ಲಿ ಅರಬಿ ಅಕ್ಷರಗಳ ಚೌಕಟ್ಟನ್ನು ಉಡುಗೊರೆಯಾಗಿ ನೀಡುವ ರೂಢಿ ವ್ಯಾಪಕವಾಗಿದೆ. ನೆರೆಮನೆಯ ಮುಸ್ಲಿಮ್ ಸ್ನೇಹಿತರಿಗೆಂದು ಅನ್ಯಧರ್ಮೀಯರು ಕೊಳ್ಳುವುದೂ ಉಂಟು. ಬಹಳಷ್ಟು ಮಂದಿ ಬಣ್ಣ, ಗಾತ್ರ, ಸೋಫಾಕ್ಕೆ ಹೊಂದುವ ಅಂಚು ಇವುಗಳನ್ನು ನೋಡಿ ಹಣ ಕೊಡುತ್ತಾರೆ. ಅದರಲ್ಲಿ ಏನು ಬರೆದಿದೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ಕ್ರಮ ತಲೆಕೆಳಗಾಗಬೇಕು. ಒತ್ತಕ್ಷರಗಳು ಕಳಚಿಬಿದ್ದ, ದೀರ್ಘವೆಲ್ಲ ಹ್ರಸ್ವವಾದ ಕನ್ನಡ ಫಲಕಗಳನ್ನು ಕಂಡು ನೊಂದುಕೊಳ್ಳುವ ಗಡಿನಾಡಿನ ಓದುಗರಿಗೆ, ಓದಲು ಬಾರದವರು ಬರೆಸಿದ ಅಕ್ಷರ ಓದಬಲ್ಲವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಅರಬಿ ಬಾರದವರೂ ಮಾಡಬಹುದಾದ ಒಂದೆರಡು ಪರೀಕ್ಷೆಗಳಿವೆ. ಅರಬಿ ಬಲದಿಂದ ಎಡಕ್ಕೆ ಸಾಗುವ ಕೂಡುಬರಹ. ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಅಕ್ಷರದ ರೂಪ ಬದಲಾಗುತ್ತದೆ. ಮುಂದಿನ ಅಕ್ಷರದೊಡನೆ ಕೂಡಿಕೊಳ್ಳದವು ಅಲಿಫ್, ದಾಲ್, ರಾ, ವಾವ್ ಮುಂತಾದ ಕೆಲವೇ. ಆದ್ದರಿಂದ ಒಂದು ಸಾಲಿನ ಪ್ರತಿಯೊಂದು ಅಕ್ಷರವೂ ಬಿಡಿಬಿಡಿಯಾಗಿ ನಿಂತಿದ್ದರೆ ಅದು ಖಂಡಿತ ತಪ್ಪು. ಅರಬಿಯನ್ನು ಜೋಡಿಸಲರಿಯದ ತಂತ್ರಾಂಶದಲ್ಲಿ ಯಾರೋ ಅಕ್ಷರಗಳನ್ನು ಎಡದಿಂದ ಬಲಕ್ಕೆ ಸುರಿದಿದ್ದಾರೆ ಎಂದೇ ತಿಳಿಯಬೇಕು. ಗಾಜಿನ ಹಿಂಬದಿಗೆ ಅಚ್ಚೊತ್ತುವಾಗ ಇಡೀ ಬರಹವೇ ಕನ್ನಡಿಯ ಬಿಂಬದಂತೆ ಮಗುಚಿಕೊಂಡ ಫಲಕಗಳೂ ಮಾರುಕಟ್ಟೆಗೆ ಬರುತ್ತವೆ. ಇಲ್ಲೊಂದು ಎಚ್ಚರಿಕೆ ಬೇಕು: ಒಂದೇ ಪದವನ್ನು ಬಲಕ್ಕೊಮ್ಮೆ ನೇರವಾಗಿ, ಎಡಕ್ಕೊಮ್ಮೆ ಬಿಂಬವಾಗಿ ಎದುರುಬದುರು ಹೆಣೆಯುವ ‘ಮುಸನ್ನಾ’ ಎಂಬ ಪ್ರಕಾರ ಆಟೊಮನ್ ತುರ್ಕಿಯಲ್ಲಿ ಪ್ರಸಿದ್ಧವಾಗಿತ್ತು. ಅದು ದೋಷವಲ್ಲ, ಕಲೆ.

ಇಷ್ಟಾದರೂ ಕೊನೆಯ ಮಾತು ಓದಬಲ್ಲವರದೇ. ಕರಾವಳಿಯ ಕಡೆ ಉಸ್ತಾದರಿಗೆ, ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಹಾಫಿಜರಿಗೆ ಅಥವಾ ಮೌಲಾನಾ ಅವರಿಗೆ ಫಲಕದ ಚಿತ್ರವನ್ನು ತೋರಿಸಿ, ಬೆರಳಿಟ್ಟು ಓದಿ ಹೇಳುವಂತೆ ಕೇಳಬೇಕು. ಬಾಯಿಪಾಠ ಬರುವ ವಾಕ್ಯವನ್ನು ಮೊದಲ ಪದ ಕಂಡೊಡನೆ ನೆನಪಿನಿಂದಲೇ ಪೂರ್ತಿಗೊಳಿಸುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಹಾಗೆ ಓದಿದರೆ ತಪ್ಪು ಕಣ್ಣಿಗೆ ಬೀಳದು. ಅಕ್ಷರಕ್ಕೆ ಅಕ್ಷರ ಓದಿಸಿರಿ.

ಪಠ್ಯದ ಆಯ್ಕೆಯಲ್ಲಿ ಮನೆಯವರ ಸಂಪ್ರದಾಯ ಮುಖ್ಯ. ‘ಬಿಸ್ಮಿಲ್ಲಾಹ್’ ಎಲ್ಲೆಡೆ ಸಲ್ಲುತ್ತದೆ. ಕುರ್‌ಆನಿನ ಎರಡನೆಯ ಅಧ್ಯಾಯದ 255ನೇ ಸೂಕ್ತವಾದ ಆಯತುಲ್ ಕುರ್ಸೀ ರಕ್ಷಣೆಯ ಭಾವದಿಂದ ಹೆಚ್ಚಿನ ಮನೆಗಳಲ್ಲಿ ಕಾಣಸಿಗುತ್ತದೆ. ‘ಕುಲ್’ ಎಂದು ತೊಡಗುವ 109, 112, 113 ಮತ್ತು 114ನೇ ಅಧ್ಯಾಯಗಳನ್ನು ಒಟ್ಟಿಗೆ ಬರೆದ ‘ಚಾರ್ ಕುಲ್’ ಉರ್ದು ಬಲ್ಲ ಮನೆಗಳಲ್ಲಿ ಪ್ರಿಯವಾದುದು. ದೊರೆತುದೆಲ್ಲವೂ ದೇವಾನುಗ್ರಹವೆಂಬ ಅರ್ಥದ, ಕುರ್‌ಆನಿನಲ್ಲಿ ಪ್ರವಾದಿ ಸುಲೈಮಾನರ ಮಾತಾಗಿ ಬರುವ ನುಡಿಯನ್ನು (27ನೇ ಅಧ್ಯಾಯ, 40ನೇ ಸೂಕ್ತ) ಹೆಬ್ಬಾಗಿಲಿನ ಮೇಲೆ ಬರೆಸುವುದುಂಟು. ಶಿಯಾ ಕುಟುಂಬಗಳಲ್ಲಿ ಅಲಿ, ಫಾತಿಮಾ, ಹಸನ್, ಹುಸೈನ್ ಅವರ ಹೆಸರುಗಳು ಪ್ರವಾದಿಯವರ ಹೆಸರಿನೊಡನೆ ಬರುತ್ತವೆ. ಪ್ರವಾದಿಯವರ ರೂಪಗುಣಗಳನ್ನು ಚಿತ್ರದ ಬದಲು ಮಾತಿನಲ್ಲಿ ಬಣ್ಣಿಸುವ ‘ಹಿಲ್ಯೆ’ ತುರ್ಕಿಯ ಕೊಡುಗೆ. 17ನೇ ಶತಮಾನದ ಹಾಫಿಜ್ ಉಸ್ಮಾನ್ ಅದಕ್ಕೆ ಇಂದಿನ ವಿನ್ಯಾಸ ಕೊಟ್ಟ ಕುಶಲಿ. ಕುರ್‌ಆನಿನ ಸೂಕ್ತಗಳನ್ನು ಅಲಂಕಾರಕ್ಕಾಗಿ ಗೋಡೆಗೆ ತೂಗಹಾಕುವುದನ್ನೇ ಒಪ್ಪದ ವಿದ್ವಾಂಸರಿದ್ದಾರೆ. ಗೌರವದಿಂದಿರಿಸಿದರೆ ಬಾಧಕವಿಲ್ಲವೆನ್ನುವವರೂ ಇದ್ದಾರೆ. ಉಡುಗೊರೆ ಕೊಡುವವರು ಆ ಮನೆಯವರ ನಿಲುವನ್ನು ಮೊದಲೇ ಕೇಳಿಕೊಳ್ಳುವುದು ಲೇಸು. ಸಂದೇಹವಿದ್ದರೆ ದೀರ್ಘ ಸೂಕ್ತಕ್ಕಿಂತ ‘ಮಾಶಾ ಅಲ್ಲಾಹ್’ ಎಂಬ ಕಿರುನುಡಿ ಸುರಕ್ಷಿತ.

ಸ್ಥಳಕ್ಕೆ ತಕ್ಕ ಪಠ್ಯವೆಂಬುದಕ್ಕೆ ಹಳೆಯ ಕಟ್ಟಡಗಳೇ ಪಾಠಶಾಲೆ. ಆಗ್ರಾದ ತಾಜ್ ಮಹಲಿನ ಹೆಬ್ಬಾಗಿಲಿನಲ್ಲಿ ಕುರ್‌ಆನಿನ 89ನೇ ಅಧ್ಯಾಯವಿದೆ. ಅದು ಕೊನೆಗೊಳ್ಳುವುದು ಶಾಂತಿಗೊಂಡ ಆತ್ಮಕ್ಕೆ ಸ್ವರ್ಗಪ್ರವೇಶದ ಆಹ್ವಾನದೊಡನೆ. ಬಾಗಿಲಿಗೆ ಇದಕ್ಕಿಂತ ಉಚಿತವಾದುದನ್ನು ಊಹಿಸುವುದು ಕಷ್ಟ. ಅಲ್ಲಿನ ಲಿಪಿಕಾರ ಅಮಾನತ್ ಖಾನ್ ಮೂಲತಃ ಇರಾನಿನ ಶೀರಾಜಿನವನು. ಕೆಳಗೆ ನಿಂತು ನೋಡುವವರ ಕಣ್ಣಿಗೆ ಅಕ್ಷರಗಳು ಒಂದೇ ಸಮನಾಗಿ ಕಾಣಲೆಂದು ಮೇಲೆ ಹೋದಂತೆ ಅವನ್ನು ದೊಡ್ಡದಾಗಿಸಿದ ಯುಕ್ತಿ ಅಲ್ಲಿದೆ. ಎತ್ತರದ ಗೋಡೆಗೆ ಸಣ್ಣ ಬರಹದ ಚೌಕಟ್ಟನ್ನು ಏರಿಸುವವರು ಇದನ್ನು ನೆನೆಯಬಹುದು.

ಗಡಿಯ ಕನ್ನಡಿಗರಿಗೆ ಆಗ್ರಾ ದೂರವಾಯಿತು. ಜತ್, ಅಕ್ಕಲಕೋಟೆ, ಸೊಲ್ಲಾಪುರದವರಿಗೆ ವಿಜಯಪುರ ಒಂದು ದಿನದ ಪಯಣ. ಅಲ್ಲಿನ ಇಬ್ರಾಹಿಂ ರೋಜಾದ ಸಮಾಧಿ ಮಂದಿರದ ಕಿಟಕಿಗಳಲ್ಲಿ ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲಂಧ್ರವಾಗಿಸಲಾಗಿದೆ; ಅಕ್ಷರಗಳ ನಡುವಿನ ತೆರಪಿನಿಂದ ಬೆಳಕು ಒಳಬರುತ್ತದೆ. ಇಂದು ತಗಡು ಕತ್ತರಿಸಿ ಮಾಡುವ ಫಲಕಗಳ ಮೂಲ ಕಲ್ಪನೆ ಇದೇ. ವ್ಯತ್ಯಾಸವಿಷ್ಟೇ: ಅಲ್ಲಿ ಯಾವ ಗೆರೆ ಯಾವುದಕ್ಕೆ ಆಧಾರವಾಗಬೇಕೆಂದು ಯೋಚಿಸಿದವನು ಅಕ್ಷರ ಬಲ್ಲವನಾಗಿದ್ದ. ತೆಲಂಗಾಣದ ಪಶ್ಚಿಮ ಅಂಚಿನವರಿಗೆ ಬೀದರ್ ಹತ್ತಿರ. 1472ರ ಮಹಮೂದ್ ಗವಾನ್ ಮದರಸದ ಮುಖಭಾಗದಲ್ಲಿ ಉಳಿದಿರುವ ಬಣ್ಣದ ಹೆಂಚಿನ ಅಕ್ಷರಪಟ್ಟಿ, ಅಷ್ಟೂರಿನಲ್ಲಿ ಅಹ್ಮದ್ ಶಾಹನ ಗೋರಿಯ ಒಳಗೋಡೆಯ ವರ್ಣಲಿಪಿ, ಕೋಟೆಯ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆತ್ತನೆ ಇವನ್ನು ಒಮ್ಮೆ ನೋಡಿದವರು ಅಂಗಡಿಯ ಥಳಕಿಗೆ ಬೇಗ ಮರುಳಾಗಲಾರರು.

ಲಿಪಿಶೈಲಿಗಳ ಸ್ಥೂಲ ಪರಿಚಯವಿದ್ದರೆ ವ್ಯಾಪಾರಿಯೊಡನೆ ಮಾತಾಡುವುದು ಸುಲಭ. ಕೂಫಿ ಹಳೆಯದು, ಕೋನಗಳಿಂದ ಕೂಡಿದ್ದು. ಅದರ ಚೌಕ ರೂಪ ಇಂದಿನ ಸರಳ ಒಳಾಂಗಣಕ್ಕೆ ಚೆನ್ನಾಗಿ ಒಪ್ಪುತ್ತದೆ, ಓದಲು ಮಾತ್ರ ಪಂಡಿತರಿಗೂ ತಡವಾಗುತ್ತದೆ. ನಸ್ಖ್ ಮುದ್ರಿತ ಕುರ್‌ಆನಿನ ಸ್ಪಷ್ಟ ಬರಹ. ಮದರಸದಲ್ಲಿ ಕಲಿತ ಮಗುವೂ ಅದನ್ನು ಓದಬಲ್ಲದು. ಉರ್ದುವಿನವರು ಸುಲ್ಸ್ ಎನ್ನುವ ಥುಲುಥ್ ನೀಳವಾದ ದಂಡಗಳ, ಒಂದರ ಮೇಲೊಂದು ಹೆಣೆದುಕೊಳ್ಳುವ ಗಂಭೀರ ಶೈಲಿ. ಮಸೀದಿಗಳ ಶಾಸನಗಳಲ್ಲಿ ಮೆರೆದದ್ದು ಇದೇ. ಇಳಿಜಾರಿನಲ್ಲಿ ತೇಲಿದಂತೆ ಸಾಗುವ ನಸ್ತಾಲೀಕ್ ಇರಾನಿನಲ್ಲಿ ರೂಪುಗೊಂಡಿತು. ಫಾರಸಿ, ಉರ್ದು ಕಾವ್ಯಕ್ಕೆ ಅದು ಸಹಜವಾದ ಉಡುಪು, ಕುರ್‌ಆನಿಗೆ ವಿರಳ. ಈ ಶೈಲಿಗಳಿಗೆ ಬೆನ್ನೆಲುಬಾದ ಪ್ರಮಾಣಶಾಸ್ತ್ರವನ್ನು ಬಾಗ್ದಾದಿನ ಮಂತ್ರಿಯಾಗಿದ್ದ ಇಬ್ನ್ ಮುಕ್ಲಾ (ಮರಣ 940) ರೂಪಿಸಿದನೆಂಬುದು ಪರಂಪರೆಯ ಮಾತು. ಲೇಖನಿಯ ಮೊನೆ ಮೂಡಿಸುವ ಚುಕ್ಕೆಯೇ ಅಳತೆಗೋಲು. ಅಲಿಫಿನ ಎತ್ತರ ಇಷ್ಟು ಚುಕ್ಕೆ, ಉಳಿದ ಅಕ್ಷರಗಳು ಅದರ ಅನುಪಾತದಲ್ಲಿ. ಚೌಕಟ್ಟಿನ ಆಕಾರಕ್ಕೆ ಸರಿಹೊಂದಿಸಲೆಂದು ಗಣಕದಲ್ಲಿ ಬರಹವನ್ನು ಅಡ್ಡಕ್ಕೆ ಎಳೆದಾಗ ಕೆಡುವುದು ಈ ಅನುಪಾತವೇ. ಹಕ್ಕಿ, ದೋಣಿ, ಹಣತೆಯ ಆಕಾರದಲ್ಲಿ ಹೆಣೆದ ಬರಹಗಳೂ ಇವೆ. ಪ್ರಾಣಿರೂಪವನ್ನು ಇಷ್ಟಪಡದ ಮನೆಗಳು ಬಹಳ. ಉಡುಗೊರೆಗೆ ಅವು ಬೇಡ.

ಕೈಬರಹಕ್ಕೂ ಅಚ್ಚಿಗೂ ಇರುವ ಭೇದವನ್ನು ಓರೆಬೆಳಕಿನಲ್ಲಿ ಹಿಡಿದು ನೋಡಿದರೆ ತಿಳಿಯಬಹುದು. ಜೊಂಡಿನ ಲೇಖನಿಯಿಂದ ಬರೆದ ಗೆರೆಯಲ್ಲಿ ಶಾಯಿ ಒಂದೆಡೆ ದಟ್ಟವಾಗಿ ಇನ್ನೊಂದೆಡೆ ತೆಳುವಾಗಿರುತ್ತದೆ. ಭೂತಗನ್ನಡಿಯಡಿ ಅಚ್ಚಿನ ಬಣ್ಣ ಸಣ್ಣ ಸಣ್ಣ ಬಿಂದುಗಳಾಗಿ ಒಡೆಯುತ್ತದೆ. ಲಿಪಿಕಾರನ ಸಹಿಯೂ ಹಿಜರಿ ವರ್ಷವೂ ಮೂಲೆಯಲ್ಲಿದ್ದರೆ ಒಳ್ಳೆಯದು. ಇಂತಹ ಕೈಗಳು ನಮ್ಮಲ್ಲಿ ತೀರ ಇಲ್ಲವಾಗಿಲ್ಲ. ಗಣಕ ಬರುವ ಮೊದಲು ಉರ್ದು ಪತ್ರಿಕೆಗಳ ಪುಟಗಳನ್ನೆಲ್ಲ ಬರೆಯುತ್ತಿದ್ದವರು ಕಾತಿಬರು; 1927ರಲ್ಲಿ ಚೆನ್ನೈಯಲ್ಲಿ ಆರಂಭವಾದ ‘ಮುಸಲ್ಮಾನ್’ ದಿನಪತ್ರಿಕೆ ಗಣಕಯುಗದಲ್ಲಿಯೂ ಕೈಬರಹದಲ್ಲಿಯೇ ಹೊರಬಂದು ಹೆಸರಾಯಿತು. ಹೈದರಾಬಾದಿನಂತಹ ಊರುಗಳಲ್ಲಿ ಮದುವೆ ಕಾಗದ, ಅಂಗಡಿ ಫಲಕ ಬರೆಯುವ ಕಾತಿಬರನ್ನು ವಿಚಾರಿಸಿ, ಬೇಕಾದ ಸೂಕ್ತವನ್ನು ಬರೆಸಿಕೊಳ್ಳಬಹುದು. ಹೊಳೆಯುವ ಆಮದು ಫಲಕಕ್ಕಿಂತ ಹಾಗೆ ಬರೆಸಿದ ಒಂದು ಹಾಳೆ ಮೇಲೆಂಬುದು ಈ ಲೇಖಕನ ಅಭಿಪ್ರಾಯ. 2021ರಲ್ಲಿ ಯುನೆಸ್ಕೊ ಅರಬಿ ಅಕ್ಷರಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೈಬರಹದ ಈ ವಿದ್ಯೆಯನ್ನು ಗಮನದಲ್ಲಿರಿಸಿ.

ಯಾವ ವಸ್ತುವಿನಲ್ಲಿ ಕೊಳ್ಳಬೇಕೆಂಬುದನ್ನು ಊರಿನ ಹವೆ ನಿರ್ಧರಿಸಲಿ. ಕಾಸರಗೋಡು, ವಯನಾಡು, ನೀಲಗಿರಿಗಳ ಮಳೆಗಾಲದಲ್ಲಿ ಒತ್ತುಹಲಗೆ ಅಂಚಿನಿಂದ ಉಬ್ಬುತ್ತದೆ, ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಮುರಕಲ್ಲಿನ ಗೋಡೆ ತೇವವನ್ನು ಹೀರಿಕೊಂಡು ಬಹುಕಾಲ ಬಿಡದು. ಮಳೆ ಬಡಿಯುವ ಹೊರಗೋಡೆಯ ಒಳಮೈಗೆ ಕಾಗದದ ಚೌಕಟ್ಟನ್ನು ತೂಗಬಾರದು. ಒಳಗಿನ ಅಡ್ಡಗೋಡೆಯೇ ಸರಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಸಣ್ಣ ರಬ್ಬರ್ ಬಿಲ್ಲೆ ಅಂಟಿಸಿದರೆ ಗಾಳಿಯಾಡುತ್ತದೆ. ಗಾಜು ಬರಹವನ್ನು ಮುಟ್ಟದಂತೆ ನಡುವೆ ದಪ್ಪ ಕಾಗದದ ಅಂಚುಪಟ್ಟಿ ಇರಿಸಲು ಹೇಳಬೇಕು, ಇಲ್ಲವಾದರೆ ಶಾಯಿ ಗಾಜಿಗೇ ಅಂಟಿಕೊಳ್ಳುತ್ತದೆ. ಅದೋನಿ, ರಾಯದುರ್ಗ, ಸೊಲ್ಲಾಪುರದ ಒಣಹವೆಯಲ್ಲಿ ಶತ್ರು ಬಿಸಿಲು ಮತ್ತು ಧೂಳು: ಪಶ್ಚಿಮದ ಕಿಟಕಿಗೆ ಎದುರಾಗಿ ತೂಗಿದ ಅಗ್ಗದ ಮುದ್ರಣ ಬೇಗ ಬಣ್ಣಗೆಡುತ್ತದೆ. ಬಾಳಿಕೆ ಬೇಕೆನ್ನುವವರಿಗೆ ಬೀದರಿ ಕೆಲಸದ ಫಲಕ ಎರಡೂ ಹವೆಗೆ ತಾಳುತ್ತದೆ. ಸತು ಹೆಚ್ಚಾಗಿರುವ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಆ ಮೈಮೇಲೆ ಬೆಳ್ಳಿಯ ಅಕ್ಷರ ಎದ್ದು ಕಾಣುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಪಾತ್ರೆ ತಿಕ್ಕುವ ಪುಡಿ ಸೋಂಕಿಸಬಾರದು.

ತೂಗುವ ಜಾಗದ ಬಗ್ಗೆ ರೂಢಿ ಸ್ಪಷ್ಟವಾಗಿದೆ: ಶೌಚಾಲಯದಲ್ಲಿ, ಚಪ್ಪಲಿ ಬಿಡುವಲ್ಲಿ, ಮಲಗಿದಾಗ ಕಾಲು ಚಾಚುವ ಕಡೆ, ಕೂತರೆ ಬೆನ್ನು ತಾಗುವಷ್ಟು ತಗ್ಗಿನಲ್ಲಿ ಬೇಡ. ನಮಾಜಿಗೆ ಮುಖ ಮಾಡುವ ದಿಕ್ಕು, ನಮ್ಮ ಕಡೆ ಪಶ್ಚಿಮಕ್ಕೆ ತುಸು ಉತ್ತರವಾಲಿ, ಬರಿದಾಗಿದ್ದರೆ ಮನಸ್ಸು ಚದುರುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ. ‘ಅಲ್ಲಾಹ್’ ಮತ್ತು ‘ಮುಹಮ್ಮದ್’ ಎಂಬ ಜೋಡಿ ಫಲಕಗಳಿದ್ದರೆ ಓದು ಬಲದಿಂದ ತೊಡಗುವುದರಿಂದ ಮೊದಲನೆಯದು ನೋಡುವವರ ಬಲಕ್ಕೆ ಬರಬೇಕು. ಭಾರವಾದ ಲೋಹದ ಫಲಕಕ್ಕೆ ಮೊಳೆಯನ್ನು ನಂಬದೆ ಗೋಡೆಗೆ ಪ್ಲಗ್ ಕೂರಿಸಿ ಸ್ಕ್ರೂ ಹಾಕಿಸಿರಿ.

ಕೊಳ್ಳುವಾಗಲೇ ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. ದೇವನಾಮವಿರುವ ವಸ್ತುವನ್ನು ಕಸದ ಬುಟ್ಟಿಗೆ ಎಸೆಯುವಂತಿಲ್ಲ. ಹರಿದ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಯಾರೂ ತುಳಿಯದೆಡೆ ಹೂಳುವುದು, ಅಥವಾ ಖಲೀಫ ಉಸ್ಮಾನರ ಕಾಲದ ನಿದರ್ಶನವನ್ನು ಅನುಸರಿಸಿ ಗೌರವದಿಂದ ಸುಟ್ಟು ಬೂದಿಯನ್ನು ಹೂಳುವುದು ಬಳಕೆಯಲ್ಲಿದೆ. ಕೆಲವು ಮಸೀದಿಗಳಲ್ಲಿ ಇವುಗಳನ್ನು ಸಂಗ್ರಹಿಸುವ ಪೆಟ್ಟಿಗೆಯೇ ಇರುತ್ತದೆ. ಕಾಗದ ಮಣ್ಣಾಗುತ್ತದೆ. ಅಕ್ರಿಲಿಕ್ ಫಲಕ, ಫ್ಲೆಕ್ಸ್ ಹಾಳೆ, ಪ್ಲಾಸ್ಟಿಕ್ ಲೇಪಿತ ಮುದ್ರಣ ಮಣ್ಣಾಗುವುದಿಲ್ಲ. ಸುಟ್ಟರೆ ವಿಷದ ಹೊಗೆ ಹೊರಡುತ್ತದೆ. ಪ್ರತಿವರ್ಷ ಬದಲಾಗುವ ಗೋಡೆ ಕ್ಯಾಲೆಂಡರಿನಲ್ಲಿ ಸೂಕ್ತಗಳನ್ನು ಮುದ್ರಿಸಿ ಹಂಚುವ ಅಂಗಡಿಗಳವರೂ ಇದನ್ನು ಗಮನಿಸಬಹುದು: ಡಿಸೆಂಬರ್ ಕಳೆದ ಮೇಲೆ ಆ ಹಾಳೆಯನ್ನು ಏನು ಮಾಡುವುದೆಂದು ತಿಳಿಯದೆ ಕಪಾಟಿನ ಮೇಲೆ ಕಟ್ಟಿಟ್ಟ ಸುರುಳಿಗಳು ಎಷ್ಟೋ ಮನೆಗಳಲ್ಲಿವೆ.